ಬೆಕ್ಕಿನ ಎಫ್‌ಐಪಿ ಕಾಯಿಲೆ: ಒಂದರಿಂದ ಇನ್ನೊಂದಕ್ಕೆ ಅಂಟುತ್ತದೆಯೇ? ಸೈಪ್ರಸ್ ಸಂಶೋಧನೆಯ ಬಗ್ಗೆ ತಿಳಿದವರು ದಯವಿಟ್ಟು ಬರೆಯಿರಿ

ಎರಡು ಬೆಕ್ಕಿನ ಮನೆ, ಮೈಸೂರು

ಎಲ್ಲರಿಗೂ ನಮಸ್ಕಾರ. ಬೆಕ್ಕು ಸಾಕಿದವರೂ ಪಶುವೈದ್ಯರೂ ವೈರಾಣುಗಳ ವಿಷಯ ಓದಿಕೊಂಡವರೂ ಇಲ್ಲಿದ್ದೀರಿ ಎಂಬ ಧೈರ್ಯದಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಕರಿಯ, ಚಿನ್ನಿ ಎಂಬ ಎರಡು ಬೆಕ್ಕುಗಳಿವೆ. ಕರಿಯನಿಗೆ ಹನ್ನೊಂದು ತಿಂಗಳು, ಚಿನ್ನಿಗೆ ಮೂರು ವರ್ಷ. ಎರಡು ತಿಂಗಳ ಹಿಂದೆ ಕರಿಯ ಊಟ ಬಿಟ್ಟ. ಜ್ವರ 104 ಡಿಗ್ರಿಗೆ ಏರಿದ್ದು ಇಳಿಯಲೇ ಇಲ್ಲ. ಮೊದಲು ತೋರಿಸಿದ ಕಡೆ ಹತ್ತು ದಿನ ಆ್ಯಂಟಿಬಯೋಟಿಕ್ ಕೊಟ್ಟರು, ಗುಣ ಕಾಣಲಿಲ್ಲ. ಬೆನ್ನು ಸವರಿದರೆ ಮೂಳೆ ಒಂದೊಂದಾಗಿ ಕೈಗೆ ಸಿಗುವಷ್ಟು ಸೊರಗಿದ, ಹೊಟ್ಟೆ ಮಾತ್ರ ದಿನದಿನಕ್ಕೆ ದುಂಡಗಾಗುತ್ತ ಹೋಯಿತು. ಪಕ್ಕದ ಮನೆಯವರು ಅದನ್ನು ನೋಡಿ ಮೈ ಕೈ ತುಂಬಿಕೊಂಡಿದ್ದಾನೆ ಎಂದುಕೊಂಡಿದ್ದರು.

ಆಮೇಲೆ ಹೋದ ವೈದ್ಯರು ಹೊಟ್ಟೆಗೆ ಸಣ್ಣ ಸೂಜಿ ಹಾಕಿ ನೀರು ತೆಗೆದರು. ಒಣಹುಲ್ಲಿನ ಬಣ್ಣದ ನೀರು. ಕೈಗವಸು ತೊಟ್ಟ ಎರಡು ಬೆರಳುಗಳ ನಡುವೆ ಒಂದು ಹನಿ ಇಟ್ಟು ಎಳೆದಾಗ ಬೆಲ್ಲದ ಎಳೆಪಾಕದ ಹಾಗೆ ಎಳೆ ಬಂತು. ನಂತರ ನನ್ನ ಎದುರಿಗೇ ಒಂದು ಗಾಜಿನ ನಳಿಗೆಯಲ್ಲಿ ಬಟ್ಟಿ ಇಳಿಸಿದ ನೀರು ಹಾಕಿ, ಅದಕ್ಕೆ ಒಂದು ಹನಿ ಅಸಿಟಿಕ್ ಆಮ್ಲ ಬೆರೆಸಿ, ಮೇಲಿನಿಂದ ಈ ಹಳದಿ ನೀರಿನ ಒಂದು ಹನಿ ಬಿಟ್ಟರು. ಆ ಹನಿ ನೀರಿನಲ್ಲಿ ಕರಗಲಿಲ್ಲ. ಬೆಳ್ಳಗಿನ ಮುದ್ದೆಯಾಗಿ, ಬಾಲ ಬಿಟ್ಟುಕೊಂಡು, ನಿಧಾನವಾಗಿ ತಳಕ್ಕೆ ಇಳಿಯಿತು. ರಕ್ತಪರೀಕ್ಷೆಯಲ್ಲಿ ಅಲ್ಬುಮಿನ್, ಗ್ಲಾಬ್ಯುಲಿನ್ ಎಂಬ ಎರಡು ಪ್ರೋಟೀನುಗಳ ಅನುಪಾತ 0.35 ಬಂದಿತ್ತು. ಎಲ್ಲವನ್ನೂ ಕೂಡಿಸಿ ನೋಡಿ, ಇದು ಎಫ್‌ಐಪಿ, ಬೆಕ್ಕಿನ ಕೊರೊನಾ ವೈರಾಣುವಿನಿಂದ ಬರುವ ಕಾಯಿಲೆ ಎಂದು ಹೇಳಿ ಚಿಕಿತ್ಸೆ ಆರಂಭಿಸಿದ್ದಾರೆ.

ನನ್ನ ಪ್ರಶ್ನೆ ಚಿನ್ನಿಯ ಬಗ್ಗೆ. ಎಫ್‌ಐಪಿ ಒಂದು ಬೆಕ್ಕಿನಿಂದ ಇನ್ನೊಂದಕ್ಕೆ ಹರಡುವುದಿಲ್ಲ, ಹೆದರಬೇಡಿ ಎಂದು ನಮ್ಮ ವೈದ್ಯರು ಹೇಳುತ್ತಾರೆ. ಆದರೆ 2023ರಲ್ಲಿ ಸೈಪ್ರಸ್ ದ್ವೀಪದಲ್ಲಿ ಇದೇ ಕಾಯಿಲೆ ಬೆಕ್ಕಿನಿಂದ ಬೆಕ್ಕಿಗೆ ಹರಡಿತೆಂದು ಓದಿದೆ. ಎರಡೂ ನಿಜವಾಗಿರಲು ಹೇಗೆ ಸಾಧ್ಯ? ನಮಗೆ ಕೋವಿಡ್ ಬಂದಾಗ ಈ ಬೆಕ್ಕುಗಳು ನಮ್ಮ ಹಾಸಿಗೆಯಲ್ಲೇ ಮಲಗುತ್ತಿದ್ದವು ಎಂಬುದೂ ಮನಸ್ಸನ್ನು ಕೊರೆಯುತ್ತಿದೆ.

ನಿವೃತ್ತ ಪಶುವೈದ್ಯ, ಹಾಸನ

ಮೇಡಂ, ಮೊದಲು ಕೊನೆಯ ಮಾತಿಗೆ ಉತ್ತರ ಹೇಳಿಬಿಡುತ್ತೇನೆ. ಕರಿಯನ ಕಾಯಿಲೆಗೆ ನಿಮ್ಮ ಕೋವಿಡ್ ಕಾರಣವಲ್ಲ. ಹೆಸರು ಒಂದೇ ಆದರೂ ಬೆಕ್ಕಿನ ಕೊರೊನಾ ವೈರಾಣು ಆಲ್ಫಾ ಬಣಕ್ಕೆ ಸೇರಿದ್ದು, ಕೋವಿಡ್ ತಂದ ವೈರಾಣು ಬೀಟಾ ಬಣಕ್ಕೆ ಸೇರಿದ್ದು. ಅಮೆರಿಕದ ಬೋಸ್ಟನ್ ನಗರದ ಏಂಜೆಲ್ ಮೆಮೋರಿಯಲ್ ಪ್ರಾಣಿ ಆಸ್ಪತ್ರೆಯಲ್ಲಿ ಜೀನ್ ಹೋಲ್ಜ್‌ವರ್ತ್ ಎಂಬ ಪಶುವೈದ್ಯೆ ಎಫ್‌ಐಪಿಯನ್ನು ಗುರುತಿಸಿ ಬರೆದದ್ದು 1963ರಲ್ಲಿ. ಕೋವಿಡ್‌ಗಿಂತ ಎಷ್ಟೋ ಹಿಂದಿನ ಕಥೆ ಇದು.

ಈಗ ಅಂಟುವ ವಿಷಯ. ಬೆಕ್ಕಿನ ಕೊರೊನಾ ವೈರಾಣು ಸಾಮಾನ್ಯವಾಗಿ ಕರುಳಿನಲ್ಲಿ ವಾಸಿಸುವ ಸಾಧು ವೈರಾಣು. ಮಲದ ಮೂಲಕ, ಮುಖ್ಯವಾಗಿ ಹಲವು ಬೆಕ್ಕುಗಳು ಬಳಸುವ ಒಂದೇ ಲಿಟರ್ ಟ್ರೇ ಮೂಲಕ, ಇದು ಸುಲಭವಾಗಿ ಹರಡುತ್ತದೆ. ಮರಿಗೆ ಎರಡು ದಿನ ಬೇಧಿಯಾಗಬಹುದು, ಎಷ್ಟೋ ಸಲ ಅದೂ ಆಗುವುದಿಲ್ಲ. ಹಲವು ಬೆಕ್ಕುಗಳಿರುವ ಮನೆಗಳಲ್ಲಿ ಬಹುತೇಕ ಎಲ್ಲಕ್ಕೂ ಈ ಸೋಂಕು ಆಗಿಯೇ ಇರುತ್ತದೆ. ಹೀಗೆ ಸೋಂಕು ತಗುಲಿದ ಬೆಕ್ಕುಗಳಲ್ಲಿ ನೂರಕ್ಕೆ ಐದರಿಂದ ಹತ್ತರಲ್ಲಿ, ಅದರಲ್ಲೂ ಎರಡು ವರ್ಷದೊಳಗಿನವುಗಳಲ್ಲಿ, ವೈರಾಣು ಆ ಬೆಕ್ಕಿನ ದೇಹದೊಳಗೇ ರೂಪಾಂತರಗೊಂಡು, ಕರುಳಿನ ಕೋಶಗಳನ್ನು ಬಿಟ್ಟು, ಮ್ಯಾಕ್ರೊಫೇಜ್ ಎಂಬ ರಕ್ಷಕ ಕೋಶಗಳಲ್ಲಿ ಬೆಳೆಯುವುದನ್ನು ಕಲಿಯುತ್ತದೆ. ಕಾವಲುಗಾರರ ಮೈಯಲ್ಲೇ ಕಳ್ಳ ಸೇರಿಕೊಂಡ ಹಾಗೆ ದೇಹವೆಲ್ಲ ಸುತ್ತುತ್ತದೆ, ರಕ್ತನಾಳಗಳು ಉರಿಯೂತಕ್ಕೆ ತುತ್ತಾಗಿ ಸೋರುತ್ತವೆ. ನೀವು ಕಂಡ ಹಳದಿ ನೀರು ಹಾಗೆ ಸೋರಿದ್ದು. ನೀರು ತುಂಬದೆ ಕಣ್ಣು, ಮಿದುಳು, ಮೂತ್ರಪಿಂಡಗಳಿಗೆ ಹೋಗಿ ಕೂರುವ ಒಣ ಬಗೆಯೂ ಇದೆ, ಅದನ್ನು ಪತ್ತೆ ಹಚ್ಚುವುದು ಬಹಳ ಕಷ್ಟ.

ಹೀಗೆ ಕೆಟ್ಟ ವೈರಾಣು ಸಾಮಾನ್ಯವಾಗಿ ಕರುಳಿನಲ್ಲಿ ಬೆಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ ಮಲದಲ್ಲಿ ಹೊರಬಂದು ಇನ್ನೊಂದು ಬೆಕ್ಕಿಗೆ ಹೋಗುವ ದಾರಿ ಮುಚ್ಚುತ್ತದೆ. ನಿಮ್ಮ ವೈದ್ಯರು ಹೇಳಿದ್ದು ಇದನ್ನೇ.

ಆ ನಳಿಗೆಯ ಪರೀಕ್ಷೆಗೆ ರಿವಾಲ್ಟಾ ಎಂದು ಹೆಸರು. ಹನಿ ಕರಗಿಹೋದರೆ ಎಫ್‌ಐಪಿ ಇರಲಾರದು ಎಂದು ಸಾಕಷ್ಟು ನಂಬಬಹುದು. ಕರಗದೆ ನಿಂತರೆ ಅದೊಂದರಿಂದಲೇ ಹೌದೆನ್ನಲಾಗದು, ಬೇರೆ ಸೋಂಕುಗಳಲ್ಲೂ ಹಾಗಾಗುತ್ತದೆ. ನಿಮ್ಮ ವೈದ್ಯರು ವಯಸ್ಸು, ಜ್ವರ, ನೀರಿನ ಅಂಟು, 0.4ಕ್ಕಿಂತ ಕೆಳಗಿನ ಅನುಪಾತ ಇವನ್ನೆಲ್ಲ ಕೂಡಿಸಿ ನಿರ್ಧಾರಕ್ಕೆ ಬಂದದ್ದು ಸರಿಯಾದ ಕ್ರಮ. ಇನ್ನೊಂದು ಮಾತು, ಇದನ್ನು ಓದುವ ಎಲ್ಲರಿಗೂ: ಜ್ವರವಿದೆಯೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಬೆಕ್ಕಿಗೆ ಕೊಡಲೇಬೇಡಿ. ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ಪ್ರಯೋಗಾಲಯದವಳು, ಬೆಂಗಳೂರು

ಡಾಕ್ಟರ್ ಸರ್ ಬರೆದದ್ದು ಅರವತ್ತು ವರ್ಷಗಳ ಅನುಭವದಿಂದ ಬಂದ ನಿಯಮ, ಇವತ್ತಿಗೂ ಜಗತ್ತಿನ ಹೆಚ್ಚಿನ ಬೆಕ್ಕುಗಳಿಗೆ ಅದೇ ಅನ್ವಯಿಸುತ್ತದೆ. ಸೈಪ್ರಸ್‌ನಲ್ಲಿ ಕಂಡದ್ದು ಆ ನಿಯಮ ಮೀರಿದ ಒಂದು ಹೊಸ ವೈರಾಣು. ನಾನು ವೈರಾಣುಗಳ ಜೀನೋಮ್ ಓದುವ ಕೆಲಸದಲ್ಲಿರುವವಳಾದ್ದರಿಂದ ಈ ಭಾಗವನ್ನು ವಿವರವಾಗಿ ಹೇಳಲು ಇಷ್ಟಪಡುತ್ತೇನೆ.

ಸೈಪ್ರಸ್‌ಗೂ ಬೆಕ್ಕಿಗೂ ಬಹಳ ಹಳೆಯ ನಂಟು. ಅಲ್ಲಿನ ಶಿಲ್ಲೂರೊಕಾಂಬೊಸ್ ಎಂಬಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಒಂದು ಬೆಕ್ಕನ್ನೂ ಮಣ್ಣು ಮಾಡಿದ್ದು ಸಿಕ್ಕಿದೆ. ಇವತ್ತಿಗೂ ಅಲ್ಲಿನ ಬೀದಿಗಳಲ್ಲಿ ಲೆಕ್ಕವಿಲ್ಲದಷ್ಟು ಬೆಕ್ಕುಗಳಿವೆ. ಇಂಥ ಕಡೆ 2021ರಲ್ಲಿ ಪಿಸಿಆರ್ ಪರೀಕ್ಷೆಯಿಂದ ಖಚಿತವಾದ ಎಫ್‌ಐಪಿ ಪ್ರಕರಣಗಳು ಮೂರು, 2022ರಲ್ಲಿ ನಾಲ್ಕು. 2023ರ ಜನವರಿಯಿಂದ ಆಗಸ್ಟ್ ನಡುವೆ ಅದು 165ಕ್ಕೆ ಏರಿತು. ಪರೀಕ್ಷೆಯವರೆಗೂ ಬಂದ ಬೆಕ್ಕುಗಳ ಲೆಕ್ಕ ಮಾತ್ರ ಇದು ಎಂಬುದನ್ನು ನೆನಪಿಡಬೇಕು. ರಾಜಧಾನಿ ನಿಕೋಸಿಯಾದಲ್ಲಿ ಕಾಣಿಸಿಕೊಂಡು ಕೆಲವೇ ತಿಂಗಳಲ್ಲಿ ದ್ವೀಪದ ಉಳಿದ ಊರುಗಳಿಗೂ ಹಬ್ಬಿತು.

ಎಡಿನ್‌ಬರೋ ವಿಶ್ವವಿದ್ಯಾಲಯದ ಚರಲಾಂಪೋಸ್ ಅಟ್ಟಿಪಾ, ಅಮಾಂಡಾ ವಾರ್, ಕ್ರಿಸ್ಟೀನ್ ಟೇಟ್-ಬರ್ಕಾರ್ಡ್ ಮೊದಲಾದ ಸಂಶೋಧಕರು ಸೈಪ್ರಸ್‌ನ ಪಶುವೈದ್ಯರ ಜೊತೆಗೂಡಿ, ಕಾಯಿಲೆ ಬಿದ್ದ ಬೆಕ್ಕುಗಳ ಹೊಟ್ಟೆಯ ನೀರು ಮೊದಲಾದ ಮಾದರಿಗಳಿಂದ ವೈರಾಣುವಿನ ಆರ್‌ಎನ್‌ಎ ತೆಗೆದು ಅಕ್ಷರಕ್ಕೆ ಅಕ್ಷರ ಓದಿದರು. ಡಾಕ್ಟರ್ ಸರ್ ವಿವರಿಸಿದ ಹಾಗೆ ಪ್ರತಿ ಬೆಕ್ಕಿನೊಳಗೂ ವೈರಾಣು ತಾನೇ ಬೇರೆಯಾಗಿ ಕೆಟ್ಟಿದ್ದರೆ ಒಂದೊಂದು ಬೆಕ್ಕಿನಲ್ಲೂ ಒಂದೊಂದು ಬಗೆಯ ರೂಪಾಂತರ ಕಾಣಬೇಕಿತ್ತು. ಇಲ್ಲಿ ಹಾಗಾಗಲಿಲ್ಲ. ದ್ವೀಪದ ಬೇರೆ ಬೇರೆ ಮೂಲೆಗಳ ಬೆಕ್ಕುಗಳಲ್ಲಿ ಸಿಕ್ಕಿದ್ದು ಬಹುತೇಕ ಒಂದೇ ವೈರಾಣು. ಅಂದರೆ ಅದು ಕೆಟ್ಟ ರೂಪದಲ್ಲೇ ಬೆಕ್ಕಿನಿಂದ ಬೆಕ್ಕಿಗೆ ಹೋಗಿತ್ತು. ಅದಕ್ಕೆ ಅವರು ಎಫ್‌ಕೋವಿ-23 ಎಂದು ಹೆಸರಿಟ್ಟರು.

ಅದರ ಹುಟ್ಟು ಇನ್ನೂ ಕುತೂಹಲದ್ದು. ಬೆಕ್ಕಿನ ಕೊರೊನಾ ವೈರಾಣುವಿನ ಬೆನ್ನೆಲುಬಿಗೆ ನಾಯಿಯ ಕೊರೊನಾ ವೈರಾಣುವಿನ ಸ್ಪೈಕ್ ಪ್ರೋಟೀನ್, ಅಂದರೆ ವೈರಾಣು ಕೋಶದೊಳಗೆ ಹೊಗಲು ಬಳಸುವ ಮುಳ್ಳು, ಬಂದು ಕಸಿಯಾಗಿದೆ. ಆ ನಾಯಿಯ ವೈರಾಣುವೂ ಸಾಮಾನ್ಯ ಬೇಧಿಯದ್ದಲ್ಲ. ಕರುಳು ಮೀರಿ ದೇಹದ ಹಲವು ಅಂಗಗಳಿಗೆ ಹಬ್ಬುವ ಉಗ್ರ ಬಗೆಯದು, ಹಿಂದೆ ಗ್ರೀಸ್‌ನ ನಾಯಿಯೊಂದರಲ್ಲಿ ಸಿಕ್ಕಿದ್ದ ವೈರಾಣುವಿಗೆ ಬಹಳ ಹತ್ತಿರದ್ದು. ಒಂದೇ ಪ್ರಾಣಿಯ ಒಂದೇ ಕೋಶಕ್ಕೆ ಎರಡೂ ವೈರಾಣುಗಳು ಹೊಕ್ಕಾಗ, ಆರ್‌ಎನ್‌ಎ ನಕಲು ಮಾಡುವ ಕಿಣ್ವ ಒಂದನ್ನು ಓದುತ್ತ ಓದುತ್ತ ಇನ್ನೊಂದಕ್ಕೆ ಜಿಗಿದರೆ ಇಂಥ ಮಿಶ್ರತಳಿ ಹುಟ್ಟುತ್ತದೆ. ಇದರ ಜೊತೆಗೆ ಹೆಚ್ಚಿನ ಮಾದರಿಗಳಲ್ಲಿ ಸ್ಪೈಕ್‌ನ ತುದಿಯ ಒಂದು ತುಂಡು ಉದುರಿಹೋಗಿದೆ. ಹಂದಿಗಳಲ್ಲಿ ಇಂಥದ್ದೇ ಒಂದು ಹಳೆಯ ಉದಾಹರಣೆ ಇದೆ: ಕರುಳಿನ ವೈರಾಣುವೊಂದು ಸ್ಪೈಕ್‌ನ ತುದಿ ಕಳೆದುಕೊಂಡು ಉಸಿರಾಟದ ವೈರಾಣುವಾಗಿ ಮಾರ್ಪಟ್ಟದ್ದು 1980ರ ದಶಕದಲ್ಲಿ ಬೆಲ್ಜಿಯಂನಲ್ಲಿ ಕಂಡುಬಂತು. ಬೀಗದ ಕೈಯ ಒಂದು ಹಲ್ಲು ಸವೆದರೆ ಅದು ಬೇರೆ ಬಾಗಿಲಿಗೆ ಹೊಂದಿಕೊಳ್ಳಬಹುದು ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಗೊತ್ತಿಲ್ಲ.

ಸೈಪ್ರಸ್‌ನಿಂದ ಬ್ರಿಟನ್ನಿಗೆ ಕರೆತಂದ ಒಂದು ಬೆಕ್ಕಿನಲ್ಲೂ ಇದೇ ವೈರಾಣು ಪತ್ತೆಯಾಯಿತು. ಈ ಸಂಶೋಧನೆ 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೇಡಂ, ಸೈಪ್ರಸ್ ಕಡೆಯಿಂದ ಬಂದ ಬೆಕ್ಕಿನ ಸಂಪರ್ಕ ಇಲ್ಲದ ನಿಮ್ಮ ಮನೆಯಲ್ಲಿ ಕರಿಯನಿಗೆ ಬಂದದ್ದು ಹಳೆಯ ಬಗೆಯ ಎಫ್‌ಐಪಿ ಎಂದು ಭಾವಿಸುವುದೇ ಸಮಂಜಸ.

ಓದುಗ, ಧಾರವಾಡ

ಸೈಪ್ರಸ್‌ನಲ್ಲಿ 3 ಲಕ್ಷ ಬೆಕ್ಕುಗಳು ಸತ್ತವು ಎಂದು ಆಗ ಪತ್ರಿಕೆಗಳಲ್ಲಿ ಓದಿದ ನೆನಪು. 165 ಎಂಬ ಅಂಕಿಗೂ ಅದಕ್ಕೂ ತಾಳೆಯಾಗುತ್ತಿಲ್ಲವಲ್ಲ?

ಪ್ರಯೋಗಾಲಯದವಳು, ಬೆಂಗಳೂರು

3 ಲಕ್ಷ ಎಂಬುದು ಪ್ರಾಣಿದಯಾ ಕಾರ್ಯಕರ್ತರ ಅಂದಾಜು. ಅಲ್ಲಿನ ಪಶುವೈದ್ಯರ ಸಂಘ ಅದನ್ನು ಒಪ್ಪದೆ, ಚಿಕಿತ್ಸಾಲಯಗಳ ಮಾಹಿತಿಯ ಮೇಲೆ ಸುಮಾರು 8,000 ಎಂದು ಹೇಳಿತು. ಬೀದಿಬೆಕ್ಕು ಪೊದೆಯಲ್ಲಿ ಸತ್ತರೆ ಯಾರೂ ಎಣಿಸುವುದಿಲ್ಲ, ಹಾಗಾಗಿ ನಿಜವಾದ ಸಂಖ್ಯೆ ಯಾರ ಕೈಯಲ್ಲೂ ಇಲ್ಲ. ನಾನು ಖಚಿತವಾದ ಪ್ರಕರಣಗಳನ್ನಷ್ಟೇ ಬರೆದದ್ದು ಅದಕ್ಕಾಗಿ.

ಕೋಳಿ ಫಾರಂ, ದಾವಣಗೆರೆ

ಮೊಟ್ಟೆ ಕೋಳಿ ಸಾಕುವ ನಮಗೆ ಕೊರೊನಾ ಎಂಬ ಶಬ್ದ 2020ಕ್ಕಿಂತ ಮುಂಚೆಯೇ ಪರಿಚಯ. ಕೋಳಿಗಳ ಐಬಿ, ಅಂದರೆ ಇನ್ಫೆಕ್ಷಿಯಸ್ ಬ್ರಾಂಕೈಟಿಸ್, ತರುವುದು ಕೊರೊನಾ ವೈರಾಣು. ಅಮೆರಿಕದಲ್ಲಿ 1931ರಲ್ಲೇ ಈ ಕಾಯಿಲೆಯನ್ನು ವಿವರಿಸಿದ್ದರು. ಈ ಗುಂಪಿನ ವೈರಾಣುಗಳಿಗೆ ಕೊರೊನಾ ಎಂದು ಹೆಸರಿಟ್ಟದ್ದು 1968ರಲ್ಲಿ ಎಂದು ನಮ್ಮ ಲಸಿಕೆ ತರಬೇತಿಯಲ್ಲಿ ಹೇಳಿದ್ದರು.

ಕಾಯಿಲೆ ಬಿದ್ದ ಹಿಂಡನ್ನು ಶೆಡ್ಡಿನ ಬಾಗಿಲಲ್ಲಿ ನಿಂತರೆ ಕಿವಿಯಿಂದಲೇ ಗುರುತಿಸಬಹುದು. ರಾತ್ರಿ ಕೋಳಿಗಳೆಲ್ಲ ಸುಮ್ಮನಾದ ಮೇಲೆ ಗೊರ ಗೊರ ಎಂದು ಕಫ ಎಳೆಯುವ ಸದ್ದು ಕೇಳಿಸುತ್ತದೆ. ವಾರ ಕಳೆಯುವಷ್ಟರಲ್ಲಿ ಮೊಟ್ಟೆಯ ಸಿಪ್ಪೆ ಸುಕ್ಕುಗಟ್ಟಿ, ಬಣ್ಣಗೆಟ್ಟು ಬರುತ್ತದೆ. ಒಡೆದು ತಟ್ಟೆಗೆ ಹಾಕಿದರೆ ಬಿಳಿಭಾಗ ನಿಲ್ಲದೆ ನೀರಿನಂತೆ ಹರಿಯುತ್ತದೆ. ಲಸಿಕೆಯನ್ನು ಕುಡಿಯುವ ನೀರಿನಲ್ಲಿ ಕೊಡುತ್ತೇವೆ. ನೀರಿನಲ್ಲಿ ಕ್ಲೋರಿನ್ ಇದ್ದರೆ ಜೀವಂತ ಲಸಿಕೆ ಸತ್ತುಹೋಗುತ್ತದೆಂದು ಮೊದಲೇ ಕೆನೆ ತೆಗೆದ ಹಾಲಿನ ಪುಡಿ ಕಲಸುತ್ತೇವೆ, ಎರಡು ಗಂಟೆ ಬಾಯಾರಿಸಿ ಆಮೇಲೆ ನೀರು ಬಿಡುತ್ತೇವೆ. ಇಷ್ಟೆಲ್ಲ ಮಾಡಿದರೂ ಬೇರೆ ಬಗೆಯ ಐಬಿ ಬಂದರೆ ಹಳೆಯ ಲಸಿಕೆ ಪೂರ್ತಿ ಕಾಯುವುದಿಲ್ಲ. ಅಕ್ಕಾ, ಬೆಕ್ಕಿಗೂ ಇಂಥ ಲಸಿಕೆ ಇಲ್ಲವೇ? ಇದ್ದರೆ ಚಿನ್ನಿಗೆ ಹಾಕಿಸಬಹುದಲ್ಲ?

ನಿವೃತ್ತ ಪಶುವೈದ್ಯ, ಹಾಸನ

ಒಳ್ಳೆಯ ಪ್ರಶ್ನೆ. ಅಮೆರಿಕದಲ್ಲಿ 1991ರಲ್ಲಿ ಮೂಗಿಗೆ ಹನಿ ಹಾಕುವ ಒಂದು ಲಸಿಕೆ ಬಂದಿತ್ತು. ಹದಿನಾರು ವಾರ ತುಂಬಿದ ಮರಿಗಳಿಗೆ ಮಾತ್ರ ಅದನ್ನು ಹಾಕಬೇಕಿತ್ತು. ಅಷ್ಟು ಹೊತ್ತಿಗೆ ಹೆಚ್ಚಿನ ಮರಿಗಳಿಗೆ ತಾಯಿಯ ಟ್ರೇಯಿಂದಲೇ ಸೋಂಕು ತಗುಲಿಬಿಟ್ಟಿರುತ್ತಿತ್ತು, ಆದ್ದರಿಂದ ಅದರಿಂದ ಹೆಚ್ಚಿನ ಪ್ರಯೋಜನವಾಗಲಿಲ್ಲ. ಅದಕ್ಕಿಂತ ಗಂಭೀರವಾದ ತೊಡಕು ಇನ್ನೊಂದಿದೆ. ಲಸಿಕೆಯ ಪ್ರಯೋಗಗಳಲ್ಲಿ ಪ್ರತಿಕಾಯಗಳಿದ್ದ ಬೆಕ್ಕುಗಳೇ ಕೆಲವು ಸಲ ಬೇಗ ಕಾಯಿಲೆ ಬಿದ್ದವು. ಪ್ರತಿಕಾಯ ಅಂಟಿಸಿಕೊಂಡ ವೈರಾಣುವನ್ನು ಮ್ಯಾಕ್ರೊಫೇಜ್ ಇನ್ನೂ ಸುಲಭವಾಗಿ ನುಂಗುತ್ತದೆ, ವೈರಾಣುವಿಗೆ ಬೇಕಾದದ್ದೂ ಅದೇ. 2020ರಲ್ಲಿ ಮನುಷ್ಯರ ಕೋವಿಡ್ ಲಸಿಕೆ ತಯಾರಿಸುವಾಗ ವಿಜ್ಞಾನಿಗಳು ಈ ಅಪಾಯವನ್ನು ಅಷ್ಟು ಎಚ್ಚರದಿಂದ ಪರಿಶೀಲಿಸಲು ಬೆಕ್ಕಿನ ಈ ಅನುಭವವೂ ಒಂದು ಕಾರಣ.

ಮೃಗಾಲಯದ ಗೆಳೆಯ, ಶಿವಮೊಗ್ಗ

ಎಫ್‌ಐಪಿ ಸಾಕುಬೆಕ್ಕಿಗೆ ಮಾತ್ರ ಸೀಮಿತವಲ್ಲ. 1980ರ ದಶಕದ ಆರಂಭದಲ್ಲಿ ಅಮೆರಿಕದ ಆರೆಗನ್ ರಾಜ್ಯದ ವೈಲ್ಡ್‌ಲೈಫ್ ಸಫಾರಿಯಲ್ಲಿದ್ದ ಚೀತಾಗಳಿಗೆ ಈ ಕಾಯಿಲೆ ತಗುಲಿ ಅರ್ಧಕ್ಕಿಂತ ಹೆಚ್ಚು ಸತ್ತವು. ಸ್ಟೀಫನ್ ಒಬ್ರಿಯನ್ ಅವರ ತಂಡ ಅದೇ ಕಾಲದಲ್ಲಿ ಚೀತಾಗಳ ವಂಶವಾಹಿಗಳಲ್ಲಿ ವೈವಿಧ್ಯ ತೀರ ಕಡಿಮೆ ಇರುವುದನ್ನು ತೋರಿಸಿತ್ತು. ಒಂದರ ರಕ್ಷಣಾ ವ್ಯವಸ್ಥೆ ಸೋತರೆ ಎಲ್ಲವೂ ಸೋಲುತ್ತವೆ.

ಕೋವಿಡ್‌ನ ಮಾತು ಬಂದದ್ದರಿಂದ ಅದನ್ನೂ ಸೇರಿಸುತ್ತೇನೆ. 2020ರ ಏಪ್ರಿಲ್‌ನಲ್ಲೇ ಚೀನಾದ ಹಾರ್ಬಿನ್ ಪಶುವೈದ್ಯ ಸಂಶೋಧನಾ ಸಂಸ್ಥೆಯವರು ಬೆಕ್ಕು ಮತ್ತು ಫೆರೆಟ್‌ಗಳಿಗೆ ಆ ವೈರಾಣು ತಗುಲುತ್ತದೆ, ನಾಯಿಗಳಿಗೆ ಅಷ್ಟಾಗಿ ಇಲ್ಲ, ಹಂದಿ, ಕೋಳಿ, ಬಾತುಗಳಿಗೆ ತಗುಲುವುದಿಲ್ಲ ಎಂದು ತೋರಿಸಿದರು. ಅದೇ ತಿಂಗಳು ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಹುಲಿಯೊಂದಕ್ಕೆ ಸೋಂಕು ಖಚಿತವಾಯಿತು. ನಮ್ಮ ನೆರೆಯ ಹೈದರಾಬಾದಿನ ನೆಹರೂ ಮೃಗಾಲಯದಲ್ಲಿ 2021ರ ಮೇ ತಿಂಗಳಲ್ಲಿ ಎಂಟು ಸಿಂಹಗಳಿಗೆ ಸೋಂಕು ಇರುವುದನ್ನು ಸಿಸಿಎಂಬಿ ಪ್ರಯೋಗಾಲಯ ದೃಢಪಡಿಸಿತು, ಅವು ಚೇತರಿಸಿಕೊಂಡವು. ಮುಂದಿನ ತಿಂಗಳು ಚೆನ್ನೈ ಬಳಿಯ ವಂಡಲೂರಿನಲ್ಲಿ ಸಿಂಹಗಳಿಗೆ ಸೋಂಕು ಬಂದಾಗ ಸಾವುಗಳೂ ಆದವು. ಮೇಡಂ, ನಿಮ್ಮ ಬೆಕ್ಕುಗಳಿಗೂ ಆಗ ಸೋಂಕು ತಗುಲಿದ್ದಿರಬಹುದು, ಆದರೆ ಸಾಕುಬೆಕ್ಕುಗಳು ಸಾಮಾನ್ಯವಾಗಿ ಸಣ್ಣ ಕೆಮ್ಮು, ನೆಗಡಿಯಲ್ಲೇ ಪಾರಾಗುತ್ತವೆ. ಅದರಿಂದ ಎಫ್‌ಐಪಿ ಬರುವುದಿಲ್ಲ.

ಔಷಧ ವಿಜ್ಞಾನ ಓದಿದವನು, ನಂಜನಗೂಡು

ಚಿಕಿತ್ಸೆಯ ಬಗ್ಗೆ ಇನ್ನೂ ಯಾರೂ ಬರೆದಿಲ್ಲ. ಈ ಚರ್ಚೆಯಲ್ಲಿ ನನ್ನನ್ನು ಬಹಳ ಕಾಡುವ ಭಾಗ ಅದು.

2021ರ ಏಪ್ರಿಲ್, ಮೇ ತಿಂಗಳುಗಳನ್ನು ನೆನಪಿಸಿಕೊಳ್ಳಿ. ರೆಮ್ಡಿಸಿವಿರ್‌ನ ಒಂದು ಸೀಸೆಗಾಗಿ ನಮ್ಮ ರಾಜ್ಯದಲ್ಲಿ ಎಷ್ಟು ಕುಟುಂಬಗಳು ಅಂಗಡಿಯಿಂದ ಅಂಗಡಿಗೆ ಅಲೆದವು! ನನ್ನ ಚಿಕ್ಕಪ್ಪನಿಗಾಗಿ ನಾನೂ ರಾತ್ರಿಯಿಡೀ ಅಲೆದವನು. ಆ ರೆಮ್ಡಿಸಿವಿರ್ ದೇಹದೊಳಗೆ ಹೋಗಿ ಕಳಚಿಕೊಂಡಾಗ ಉಳಿಯುವ ಮೂಲ ಅಣುವಿಗೆ ಜಿಎಸ್-441524 ಎಂದು ಹೆಸರು. ಎರಡನ್ನೂ ರೂಪಿಸಿದ್ದು ಗಿಲಿಯಡ್ ಕಂಪನಿ. ವೈರಾಣು ತನ್ನ ಆರ್‌ಎನ್‌ಎ ನಕಲು ಮಾಡುವಾಗ ಈ ಅಣು ನಿಜವಾದ ಅಕ್ಷರದ ವೇಷದಲ್ಲಿ ಸರಪಳಿಗೆ ಸೇರಿಕೊಂಡು ಮುಂದಿನ ಕೆಲಸವನ್ನು ನಿಲ್ಲಿಸುತ್ತದೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಆವರಣದಲ್ಲಿ ನೀಲ್ಸ್ ಪೆಡರ್ಸನ್ ಎಂಬ ಪಶುವೈದ್ಯ ವಿಜ್ಞಾನಿ ಎಫ್‌ಐಪಿಯ ಹಿಂದೆ ದಶಕಗಳ ಕಾಲ ಬಿದ್ದವರು. ಅವರ ತಂಡ ಈ ಅಣುವನ್ನು ನಿಜವಾಗಿ ಕಾಯಿಲೆ ಬಿದ್ದಿದ್ದ 31 ಸಾಕುಬೆಕ್ಕುಗಳಿಗೆ ಕೊಟ್ಟು ನೋಡಿತು. ಐದು ಬೆಕ್ಕುಗಳು ಆರಂಭದಲ್ಲೇ ತೀರಿಕೊಂಡವು, ಅಥವಾ ಅವಕ್ಕೆ ದಯಾಮರಣ ಕೊಡಬೇಕಾಯಿತು. ಉಳಿದ 26 ಬೆಕ್ಕುಗಳು 12 ವಾರಗಳ ಚಿಕಿತ್ಸೆ ಮುಗಿಸಿದವು, ಕೆಲವಕ್ಕೆ ಕಾಯಿಲೆ ಮರುಕಳಿಸಿ ಮತ್ತೆ ಔಷಧ ಕೊಡಬೇಕಾದರೂ ಕೊನೆಗೆ 25 ಬೆಕ್ಕುಗಳು ಬಹುಕಾಲ ಬದುಕಿದವು. ಅಲ್ಲಿಯವರೆಗೆ ಎಫ್‌ಐಪಿ ಎಂದರೆ ಸಾವು ಎಂದೇ ಅರ್ಥವಿದ್ದ ಕಾಯಿಲೆಗೆ 2019ರಲ್ಲಿ, ಕೋವಿಡ್‌ಗೆ ಮುಂಚೆಯೇ, ಔಷಧ ಸಿಕ್ಕಿತ್ತು.

ಆದರೆ ಕಂಪನಿ ಅದನ್ನು ಬೆಕ್ಕುಗಳ ಔಷಧವಾಗಿ ಮಾರುಕಟ್ಟೆಗೆ ತರಲಿಲ್ಲ. ಪರಿಣಾಮವಾಗಿ ಜಗತ್ತಿನಾದ್ಯಂತ ಬೆಕ್ಕು ಸಾಕಿದವರು ಚೀನಾದಿಂದ ಬರುವ ಹೆಸರಿಲ್ಲದ ಸೀಸೆಗಳನ್ನು ಗುಟ್ಟಾಗಿ ತರಿಸಿ, ಅಡುಗೆಮನೆಯ ಮೇಜಿನ ಮೇಲೆ ತಾವೇ ಸೂಜಿ ಚುಚ್ಚತೊಡಗಿದರು. ದ್ರಾವಣದ ಆಮ್ಲೀಯತೆಯಿಂದ ಚುಚ್ಚಿದ ಜಾಗ ಹುಣ್ಣಾಗುತ್ತಿತ್ತು, ಬೆಕ್ಕು ನೋವಿಗೆ ಕಿರುಚುತ್ತಿತ್ತು. ಗುಣಪಡಿಸುವ ಔಷಧ ಗೊತ್ತಿದ್ದೂ ಜನರು ಕಳ್ಳರಂತೆ ಅದನ್ನು ಕೊಳ್ಳಬೇಕಾದ ಆ ವರ್ಷಗಳನ್ನು ನೆನೆದರೆ ನನಗೆ ಈಗಲೂ ನೋವಾಗುತ್ತದೆ. ಬ್ರಿಟನ್ನಿನಲ್ಲಿ 2021ರಿಂದ ವೈದ್ಯರ ಚೀಟಿಯ ಮೇಲೆ ಇದು ಸಿಗತೊಡಗಿತು, ಅಮೆರಿಕದಲ್ಲಿ 2024ರ ಜೂನ್‌ನಿಂದ. ಸೈಪ್ರಸ್ ಸರ್ಕಾರ 2023ರ ಆಗಸ್ಟ್‌ನಲ್ಲಿ ಮನುಷ್ಯರ ಕೋವಿಡ್‌ಗೆಂದು ತರಿಸಿ ಉಳಿದಿದ್ದ ಮೊಲ್ನುಪಿರಾವಿರ್ ದಾಸ್ತಾನನ್ನು ಬೆಕ್ಕುಗಳಿಗೆ ಬಳಸಲು ಅನುಮತಿ ನೀಡಿತು.

ಮ್ಯೂನಿಕ್ ನಗರದ ಸಂಶೋಧಕರು 2024ರಲ್ಲಿ ಹೊಟ್ಟೆಯಲ್ಲಿ ಅಥವಾ ಎದೆಯಲ್ಲಿ ನೀರು ತುಂಬಿದ್ದ 40 ಬೆಕ್ಕುಗಳಿಗೆ ಬಾಯಿಯ ಮೂಲಕ ಜಿಎಸ್-441524 ಕೊಟ್ಟು, 84 ದಿನಗಳ ಬದಲು 42 ದಿನವೂ ಸಾಕಾಗಬಹುದೆಂದು ತೋರಿಸಿದ್ದಾರೆ. 40ರಲ್ಲಿ 38 ಚೇತರಿಸಿಕೊಂಡವು. ಹಾಗೆಂದು ಯಾರೂ ತಾವಾಗಿಯೇ ದಿನ ಕಡಿಮೆ ಮಾಡಬಾರದು. ಕಣ್ಣು, ಮಿದುಳಿಗೆ ಹಬ್ಬಿದ ಕಾಯಿಲೆಗೆ ಹೆಚ್ಚಿನ ಪ್ರಮಾಣ ಬೇಕಾಗುತ್ತದೆ, ಬೆಕ್ಕಿನ ತೂಕ ಏರಿದ ಹಾಗೆ ಪ್ರಮಾಣವನ್ನೂ ಏರಿಸಬೇಕು. ಅದು ವೈದ್ಯರ ಲೆಕ್ಕ.

ಗೃಹಸ್ಥ, ಕಲಬುರಗಿ

ಯಾರ ಮನಸ್ಸನ್ನೂ ನೋಯಿಸುವ ಉದ್ದೇಶವಿಲ್ಲ. ದನ, ಎಮ್ಮೆಗಳಿಗೇ ಸರಿಯಾದ ಚಿಕಿತ್ಸೆ ಸಿಗದ ಹಳ್ಳಿಗಳಿರುವಾಗ ಬೆಕ್ಕಿನ ವೈರಾಣುವಿಗೆ ಇಷ್ಟು ಶ್ರಮ, ಹಣ ಬೇಕೇ ಎಂಬ ಪ್ರಶ್ನೆ ನನ್ನಲ್ಲಿದೆ.

ನಿವೃತ್ತ ಪಶುವೈದ್ಯ, ಹಾಸನ

ನಿಮ್ಮ ಪ್ರಶ್ನೆ ನ್ಯಾಯವಾದದ್ದು, ನಾನು ಜೀವಮಾನವೆಲ್ಲ ದನಗಳ ಕೊಟ್ಟಿಗೆಯಲ್ಲೇ ಕಳೆದವನು. ಆದರೆ ಈ ವೈರಾಣುಗಳು ಕೊಟ್ಟಿಗೆ, ಅಡುಗೆಮನೆ ಎಂಬ ಭೇದ ಮಾಡುವುದಿಲ್ಲ. ಹುಟ್ಟಿದ ಮೊದಲ ವಾರಗಳಲ್ಲಿ ಕರುಗಳಿಗೆ ಬರುವ ಬೇಧಿಗೆ ಒಂದು ಕಾರಣ ದನಗಳ ಕೊರೊನಾ ವೈರಾಣು. ನಮಗೆಲ್ಲ ನೆಗಡಿ ತರುವ ಓಸಿ43 ಎಂಬ ವೈರಾಣು ಅದರ ಹತ್ತಿರದ ಸಂಬಂಧಿ, ದನಗಳಿಂದಲೇ ಮನುಷ್ಯರಿಗೆ ಬಂದಿರಬೇಕೆಂದು ವಿಜ್ಞಾನಿಗಳು ಭಾವಿಸುತ್ತಾರೆ. 2003ರಲ್ಲಿ ಸಾರ್ಸ್ ಬಂದಾಗ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಮಾರುಕಟ್ಟೆಯಲ್ಲಿದ್ದ ಪುನುಗು ಬೆಕ್ಕುಗಳಲ್ಲಿ ಆ ವೈರಾಣುವಿನ ಸೋದರ ಸಿಕ್ಕಿತು. ನಮ್ಮ ಮಲೆನಾಡಿನ ತೋಟಗಳಲ್ಲಿ ಓಡಾಡುವ ಪುನುಗಿನ ಕುಟುಂಬಕ್ಕೇ ಸೇರಿದ ಬೇರೆ ಜಾತಿಯವು ಅವು. 2012ರಲ್ಲಿ ಪತ್ತೆಯಾದ ಮರ್ಸ್ ಕಾಯಿಲೆಯ ಮೂಲ ಒಂಟೆಗಳಲ್ಲಿ ಕಂಡಿತು. ದನದ ಡಾಕ್ಟರು, ಬೆಕ್ಕಿನ ಡಾಕ್ಟರು ಇಬ್ಬರ ಕೆಲಸವನ್ನೂ ಜೊತೆಗಿಟ್ಟು ನೋಡಿದ್ದರಿಂದಲೇ ಇವೆಲ್ಲ ತಿಳಿದದ್ದು.

ಪ್ರಯೋಗಾಲಯದವಳು, ಬೆಂಗಳೂರು

ಡಾಕ್ಟರ್ ಸರ್ ಮಾತಿಗೆ ಒಂದನ್ನು ಸೇರಿಸುತ್ತೇನೆ. ಮಲೇಷ್ಯಾದ ಸರವಾಕ್‌ನಲ್ಲಿ ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದ್ದ 301 ಮಂದಿಯ ಮಾದರಿಗಳನ್ನು ಪರೀಕ್ಷಿಸಿದಾಗ ಎಂಟು ಮಂದಿಯಲ್ಲಿ ನಾಯಿಯ ಕೊರೊನಾ ವೈರಾಣುವಿನ ಕುರುಹು ಸಿಕ್ಕಿತು ಎಂದು 2021ರಲ್ಲಿ ವರದಿಯಾಯಿತು. ಅವರಲ್ಲಿ ಹೆಚ್ಚಿನವರು ಮಕ್ಕಳು. ನ್ಯುಮೋನಿಯಾ ಬಂದದ್ದು ಅದರಿಂದಲೇ ಎಂದು ಸಾಬೀತಾಗಿಲ್ಲ. ಎಫ್‌ಐಪಿಯಂತೂ ಮನುಷ್ಯರಿಗೆ ಬರುವುದಿಲ್ಲ, ಕರಿಯನನ್ನು ಎತ್ತಿಕೊಳ್ಳಲು ಯಾರೂ ಹಿಂಜರಿಯಬೇಕಾಗಿಲ್ಲ. ನಾಯಿ, ಬೆಕ್ಕುಗಳ ವೈರಾಣುಗಳು ಒಂದರೊಳಗೊಂದು ಬೆರೆಯುವುದನ್ನು ಗಮನಿಸುತ್ತಲೇ ಇರಬೇಕು ಎನ್ನುವುದಷ್ಟೇ ನನ್ನ ಮಾತು.

ಎರಡು ಬೆಕ್ಕಿನ ಮನೆ, ಮೈಸೂರು

ಎಲ್ಲರಿಗೂ ತುಂಬು ಹೃದಯದ ಧನ್ಯವಾದಗಳು. ಪ್ರತಿಯೊಂದು ಉತ್ತರವನ್ನೂ ಮನೆಯವರಿಗೆಲ್ಲ ಓದಿ ಹೇಳಿದೆ. ನಿನ್ನೆ ನಮ್ಮ ವೈದ್ಯರ ಬಳಿ ಇದನ್ನೆಲ್ಲ ಮಾತನಾಡಿದೆ. ಚಿನ್ನಿ ಕರಿಯನ ಟ್ರೇಯನ್ನೇ ಬಳಸುತ್ತಿದ್ದುದರಿಂದ ಕರುಳಿನ ವೈರಾಣು ಅವಳಿಗೆ ಎಂದೋ ತಗುಲಿರುತ್ತದೆ, ಈಗ ಬೇರೆ ಮಾಡಿದರೆ ಇಬ್ಬರಿಗೂ ಒತ್ತಡವೇ ಹೆಚ್ಚು ಎಂದು ಅವರೂ ಹೇಳಿದರು. ಒಂದರ ಬದಲು ಮೂರು ಟ್ರೇ ಇಟ್ಟಿದ್ದೇವೆ, ಊಟದ ತಟ್ಟೆಗಳಿಂದ ದೂರದಲ್ಲಿ, ದಿನಕ್ಕೆ ಎರಡು ಸಲ ಶುಚಿ ಮಾಡುತ್ತಿದ್ದೇವೆ.

ಇವತ್ತು ಕರಿಯನ ಚಿಕಿತ್ಸೆಯ 31ನೇ ದಿನ. ನಾಲ್ಕನೇ ದಿನಕ್ಕೆ ಜ್ವರ ಬಿಟ್ಟಿತ್ತು. ಹೊಟ್ಟೆಯ ನೀರು ಇಂಗಿದೆ. ತೂಕ 2.1 ಕಿಲೋದಿಂದ 2.8 ಕಿಲೋಗೆ ಬಂದಿದೆ, ಅದಕ್ಕೆ ತಕ್ಕಂತೆ ಔಷಧದ ಪ್ರಮಾಣವನ್ನು ಮೊನ್ನೆ ಏರಿಸಿದರು. ಅನುಪಾತ 0.6 ಆಗಿದೆ. ಬೆಳಿಗ್ಗೆ ಅಡುಗೆಮನೆಯ ಕಟ್ಟೆಗೆ ಹಾರಲು ನೋಡಿ ಅರ್ಧಕ್ಕೆ ಜಾರಿದ, ಎರಡನೆಯ ಸಲ ಹತ್ತಿಯೇ ಬಿಟ್ಟ. ಮುಂದಿನ ರಕ್ತಪರೀಕ್ಷೆ ಶನಿವಾರ. ವರದಿ ಬಂದ ಕೂಡಲೇ ಇಲ್ಲಿ ಬರೆಯುತ್ತೇನೆ.